ತೋಡಿನ ಕಟ್ಟ, ಊರಿನ ಒಕ್ಕಟ್ಟು

ಚೆನ್ನೈ ನಗರದ ಮಳೆಯ ಲೆಕ್ಕವನ್ನು ಪತ್ರಿಕೆಗಳಲ್ಲಿ ಓದುವಾಗ ಅದರ ಮಗ್ಗುಲಲ್ಲಿ ನುಂಗಂಬಾಕ್ಕಂ ಎಂಬ ಹೆಸರು ಇರುವುದನ್ನು ವಾಚಕರು ಗಮನಿಸಿರಬಹುದು. 1792ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಇಲ್ಲಿ ಒಂದು ವೀಕ್ಷಣಾಲಯವನ್ನು ಕಟ್ಟಿಸಿದರು. ಅದೇ ಆವರಣದಲ್ಲಿ ಇಂದಿಗೂ ಹವಾಮಾನ ಇಲಾಖೆಯ ಕಚೇರಿ ನಡೆಯುತ್ತಿದೆ. ಅಲ್ಲಿನ ಮಳೆಮಾಪಕ ಹೇಳುವಂತೆ ನಮ್ಮ ಬಡಾವಣೆಗೆ ವರ್ಷದಲ್ಲಿ ಸುಮಾರು 1400 ಮಿಲಿಮೀಟರ್ ಮಳೆ ಬೀಳುತ್ತದೆ. ಇದು ಕಡಮೆಯೇನಲ್ಲ. ಆದರೂ 2019ರ ಜೂನ್ ತಿಂಗಳಲ್ಲಿ ನಗರಕ್ಕೆ ನೀರುಣಿಸುವ ಕೆರೆಗಳು ಬಹುತೇಕ ಬತ್ತಿಹೋಗಿ, ನಾವೆಲ್ಲ ಕೊಡಗಳನ್ನು ಹಿಡಿದು ಲಾರಿಯ ದಾರಿ ಕಾಯಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2015ರ ಡಿಸೆಂಬರಿನಲ್ಲಿ, ಇದೇ ನಗರ ನೀರಿನಲ್ಲಿ ಮುಳುಗಿತ್ತು. ಮಳೆ ಬೀಳುವುದು ಬೇರೆ, ನೀರು ನಿಲ್ಲುವುದು ಬೇರೆ ಎಂಬ ಪಾಠವನ್ನು ನಾವು ಹೀಗೆ ಎರಡು ಬಗೆಯಲ್ಲಿ ಕಲಿತೆವು.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಎಂದರೆ ನುಂಗಂಬಾಕ್ಕಂನ ಎರಡೂವರೆ ಪಾಲು. ಕೇರಳದ 44 ನದಿಗಳಲ್ಲಿ 12 ನದಿಗಳು ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಹರಿಯುತ್ತವೆ. ಇಷ್ಟಿದ್ದೂ ಮಾರ್ಚ್ ತಿಂಗಳು ಬಂತೆಂದರೆ ಅಲ್ಲಿ ತೋಟಗಳು ಬಾಡುತ್ತವೆ, ಬಾವಿಗಳ ತಳ ಕಾಣುತ್ತದೆ. 2017ರ ಅಂತರ್ಜಲ ಗಣನೆಯಲ್ಲಿ ಕಾಸರಗೋಡು ಬ್ಲಾಕನ್ನು ವಿಷಮ ಸ್ಥಿತಿಯ ಪ್ರದೇಶವೆಂದು ಗುರುತಿಸಲಾಯಿತು. ಮಳೆಯ ತವರಿನಲ್ಲಿ ನೀರಿಗೆ ಬರ! ಇದಕ್ಕೆ ಕಾರಣವೇನು, ಅಲ್ಲಿನ ಕೃಷಿಕರು ಒಟ್ಟುಗೂಡಿ ಇದಕ್ಕೆ ಕಂಡುಕೊಂಡ ಉಪಾಯವೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4047 ಲೀಟರ್ ನೀರಾಗುತ್ತದೆ. 3500 ಮಿಲಿಮೀಟರ್ ಮಳೆಯೆಂದರೆ ಎಕರೆಗೆ 1 ಕೋಟಿ 41 ಲಕ್ಷ ಲೀಟರ್. ಇನ್ನು ಖರ್ಚಿನ ಬಾಬು: ಒಂದು ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿದ್ದು, ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ನೀರು ಕೊಟ್ಟರೆ, ದಿನಕ್ಕೆ 11,000 ಲೀಟರ್ ಬೇಕು. ಡಿಸೆಂಬರ್ ಕೊನೆಯಿಂದ ಮೇ ಕೊನೆಯವರೆಗೆ 150 ದಿನ ಎಂದಿಟ್ಟುಕೊಂಡರೆ ಒಟ್ಟು 16 ಲಕ್ಷ 50 ಸಾವಿರ ಲೀಟರ್. ಎಂದರೆ ಆಕಾಶವು ಕೊಡುವುದು ಮರಗಳು ಕೇಳುವುದರ ಎಂಟು ಪಾಲಿಗೂ ಹೆಚ್ಚು. ಕೊರತೆ ಮಳೆಯದಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ನೀರು ಎಲ್ಲಿ ಹೋಗುತ್ತದೆ? ಸಮುದ್ರಕ್ಕೆ. ಆ ಸೀಮೆ ಘಟ್ಟದ ಬುಡದಿಂದ ಕಡಲಿನ ತನಕ ಇಳಿಜಾರಾಗಿ ಹಾಸಿಕೊಂಡಿದೆ. ಗುಡ್ಡೆ, ಗುಡ್ಡೆಯ ಕೆಳಗೆ ತೋಟ, ತೋಟದ ಕೆಳಗೆ ಗದ್ದೆಯ ಬೈಲು, ಬೈಲಿನ ನಡುವೆ ತೋಡು. ಅಲ್ಲಿನ ನೆಲದ ವಿನ್ಯಾಸವೇ ಹಾಗೆ. ನೆಲದೊಳಗೆ ಮುರಕಲ್ಲು. ಇದು ಹಂಚಿನಂತೆ ಗಟ್ಟಿಯಾಗಿ ಕಂಡರೂ ಒಳಗೆ ತೂತುತೂತಾಗಿರುವ ಕಲ್ಲು. ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಸುರಿದ ಮಳೆಯಲ್ಲಿ ಹೆಚ್ಚಿನ ಭಾಗ ಕೆಂಪಗೆ ಹರಿದು ಕೆಲವೇ ಗಂಟೆಗಳಲ್ಲಿ ಕಡಲು ಸೇರುತ್ತದೆ. ಗುಡ್ಡೆಯೊಳಗೆ ಇಂಗಿದ ಪಾಲು ಮಾತ್ರ ಮೆಲ್ಲಮೆಲ್ಲನೆ ಒಸರಿ ತೋಡಿಗೆ ಬರುತ್ತಿರುತ್ತದೆ. ಮಳೆ ನಿಂತ ಮೇಲೆಯೂ ತೋಡಿನಲ್ಲಿ ತಿಳಿನೀರು ಹರಿಯುವುದು ಈ ಒಸರಿನ ಕೃಪೆಯಿಂದ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ತೋಡಿನ ನೀರು ಎಷ್ಟು ಕೆಳಗಿಳಿಯುತ್ತದೆಯೋ ಅಷ್ಟೂ ಅದು ಎರಡು ದಡಗಳ ನೆಲದೊಳಗಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬರಿದಾಗುತ್ತಿರುವ ತೋಡು ತೋಟದ ನೀರನ್ನು ಕದಿಯುವ ಕಳ್ಳನಿದ್ದಂತೆ. ಆದರೆ ಅದೇ ತೋಡಿನಲ್ಲಿ ನೀರು ನಾಲ್ಕೈದು ಅಡಿ ಎತ್ತರ ನಿಂತಿತೆಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ನೀರು ತೋಡಿನಿಂದ ದಡಗಳ ಕಡೆಗೆ ಸರಿಯುತ್ತದೆ. ತೋಟದ ಬೇರುಗಳಿಗೆ ತಂಪು ತಾಗುತ್ತದೆ. ಪಕ್ಕದ ಬಾವಿಗಳಲ್ಲಿ ನೀರು ಏರುತ್ತದೆ. ಕಳ್ಳನನ್ನೇ ಕಾವಲುಗಾರನನ್ನಾಗಿ ಮಾಡುವ ಈ ಉಪಾಯಕ್ಕೆ ಕಟ್ಟ ಎಂದು ಹೆಸರು.

ಕಟ್ಟವೆಂದರೆ ಬೇಸಗೆಯ ಕಾಲಕ್ಕೆ ತೋಡಿಗೋ ಹೊಳೆಗೋ ಅಡ್ಡಲಾಗಿ ಹಾಕುವ ತಾತ್ಕಾಲಿಕವಾದ ಒಡ್ಡು. ಅದಕ್ಕೆ ಬೇಕಾಗುವ ಸಾಮಗ್ರಿಯೆಲ್ಲ ಊರಿನಲ್ಲಿಯೇ ದೊರೆಯುವಂಥದು: ಕಾಡುಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳುಗಳು. ಎರಡು ಸಾಲು ಕಲ್ಲಿನ ಗೋಡೆಯೆಬ್ಬಿಸಿ, ನಡುವೆ ಹಸಿಮಣ್ಣನ್ನು ತುಂಬಿ, ಜನರು ಸಾಲುಗಟ್ಟಿ ಅದನ್ನು ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾರೆ. ಈಚಿನ ದಿನಗಳಲ್ಲಿ ನೀರಿನ ಕಡೆಯ ಮೈಗೆ ಪಾಲಿಥೀನ್ ಹಾಳೆಯನ್ನು ಹೊದಿಸುವುದುಂಟು, ಮರಳು ತುಂಬಿದ ಚೀಲಗಳನ್ನು ಪೇರಿಸುವುದೂ ಉಂಟು. ಇದರಿಂದ ಮಣ್ಣಿನ ಕೆಲಸವೂ ಆಳುಗಳ ಖರ್ಚೂ ತಗ್ಗುತ್ತವೆ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ, ಅಥವಾ ಅದಕ್ಕೆ ಮೊದಲೇ ಊರವರು ಅದನ್ನು ಬಿಚ್ಚಿ ಕಲ್ಲುಗಳನ್ನು ದಡಕ್ಕೆ ಎತ್ತಿಡುತ್ತಾರೆ.

ವರ್ಷವರ್ಷವೂ ಕಟ್ಟಿ ವರ್ಷವರ್ಷವೂ ಕೆಡಹುವುದು ವ್ಯರ್ಥ ಶ್ರಮವಲ್ಲವೆ ಎಂದು ಪಟ್ಟಣದಲ್ಲಿರುವ ನಮಗೆ ತೋರುವುದು ಸಹಜ. ಆದರೆ ಇದರಲ್ಲಿ ಜಾಣತನವಿದೆ. ಮಳೆಗಾಲದಲ್ಲಿ ತೋಡು ತೆರೆದಿರುವುದರಿಂದ ಹೂಳು ನಿಲ್ಲುವುದಿಲ್ಲ, ಮೀನುಗಳ ಸಂಚಾರಕ್ಕೆ ತಡೆಯಿಲ್ಲ, ನೆರೆ ದಡಗಳನ್ನು ಕೊರೆಯುವುದಿಲ್ಲ. ದೊಡ್ಡ ಅಣೆಕಟ್ಟುಗಳನ್ನು ಕಾಡುವ ಹೂಳಿನ ರೋಗ ಕಟ್ಟಕ್ಕೆ ಇಲ್ಲ. ಯಾರ ಜಮೀನೂ ಮುಳುಗುವುದಿಲ್ಲ; ಏಕೆಂದರೆ ನೀರು ನಿಲ್ಲುವುದು ತೋಡಿನ ಪಾತ್ರದ ಒಳಗೇ.

ಕಟ್ಟ ಹಾಕುವ ಕಾಲವನ್ನು ನಿರ್ಣಯಿಸುವುದು ಸೂಕ್ಷ್ಮವಾದ ಕೆಲಸ. ಅವಸರಪಟ್ಟು ಬೇಗ ಹಾಕಿದರೆ ಹಿಂಗಾರಿನ ಒಂದು ಜಡಿಮಳೆಗೆ ಅದು ಒಡೆದೀತು. ತಡಮಾಡಿದರೆ ಹಿಡಿದಿಡಲು ತೋಡಿನಲ್ಲಿ ನೀರೇ ಉಳಿದಿರಲಾರದು. ಸಾಮಾನ್ಯವಾಗಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ, ಹರಿವು ತಗ್ಗಿದರೂ ನಿಂತಿಲ್ಲದ ಹದವನ್ನು ನೋಡಿ ಕೆಲಸಕ್ಕೆ ಕೈಹಾಕುತ್ತಾರೆ. ಹಿಂದೆ ಆ ಸೀಮೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಬತ್ತದ ಮೂರು ಬೆಳೆಗಳಿದ್ದುವು. ಬೇಸಗೆಯ ಕೊಳಕೆ ಬೆಳೆಗೆ ಕಟ್ಟದ ನೀರೇ ಆಧಾರವಾಗಿತ್ತು. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಆ ನೀರು ತೋಟದ ಪಾಲಾಯಿತು.

ಒಂದು ಕಟ್ಟದಲ್ಲಿ ಎಷ್ಟು ನೀರು ನಿಂತೀತು? ತೋಡಿನ ಅಗಲ 10 ಮೀಟರ್, ಕಟ್ಟದ ಬಳಿ ನೀರಿನ ಆಳ ಒಂದೂವರೆ ಮೀಟರ್, ಹಿನ್ನೀರಿನ ಉದ್ದ 300 ಮೀಟರ್ ಎಂದು ಕಲ್ಪಿಸಿಕೊಳ್ಳೋಣ. ಹಿಂದಕ್ಕೆ ಹೋದಂತೆ ಆಳ ಕಡಮೆಯಾಗುವುದರಿಂದ ಒಟ್ಟು ನೀರು ಸುಮಾರು 22 ಲಕ್ಷ 50 ಸಾವಿರ ಲೀಟರ್ ಆಗುತ್ತದೆ. ಮೇಲೆ ಹೇಳಿದ ಲೆಕ್ಕದಂತೆ ಇದು ಒಂದೂವರೆ ಎಕರೆ ತೋಟದ ಬೇಸಗೆಗೂ ಸಾಲದು. ಹಾಗಿದ್ದರೆ ಇಷ್ಟೊಂದು ಸಾಹಸವೇಕೆ? ಉತ್ತರವೆಂದರೆ, ಕಣ್ಣಿಗೆ ಕಾಣುವ ನೀರು ಕಟ್ಟದ ಲಾಭದ ಒಂದು ಅಂಶ ಮಾತ್ರ. ಗುಡ್ಡೆಯಿಂದ ಒಸರು ಬರುತ್ತಲೇ ಇರುತ್ತದೆ, ಕಟ್ಟ ತುಂಬಿ ಮೇಲೆ ಹರಿಯುತ್ತಲೇ ಇರುತ್ತದೆ. ದಡಗಳ ನೆಲ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಕೂಡಿಡುವ ನಿಜವಾದ ತಿಜೋರಿ ನೆಲವೇ. ಕಟ್ಟ ಅದರ ಬೀಗ.

ಒಂಟಿ ಕಟ್ಟಕ್ಕಿಂತ ಸಾಲು ಕಟ್ಟಗಳಿಗೆ ಬಲ ಹೆಚ್ಚು. ಕಾಸರಗೋಡು ಜಿಲ್ಲೆಯ ಕುಂಬಡಾಜೆ ಪಂಚಾಯತಿನ ಏತಡ್ಕ ಎಂಬ ಊರು ಈ ವಿಷಯದಲ್ಲಿ ಹೆಸರುವಾಸಿಯಾಗಿದೆ. ಅಲ್ಲಿನ ಕನ್ನಡ ಕೃಷಿಕರು ಒಂದೇ ಹರಿವಿಗೆ ಒಂದರ ಕೆಳಗೊಂದರಂತೆ ಕಟ್ಟಗಳನ್ನು ಹಾಕುವ ಪದ್ಧತಿಯನ್ನು ಉಳಿಸಿಕೊಂಡು ಬಂದರು. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡವನ್ನು ಮುಟ್ಟುವಂತಿದ್ದರೆ, ಮೇಲಿನ ಕಟ್ಟಕ್ಕೆ ಎರಡು ಕಡೆಯಿಂದಲೂ ನೀರಿನ ಆಸರೆ ದೊರೆತು, ಒತ್ತಡ ತಗ್ಗಿ, ಸೋರಿಕೆ ಕಡಮೆಯಾಗುತ್ತದೆ. ಮೇಲಿನ ಕಟ್ಟದಿಂದ ಸೋರಿದ ನೀರು ಕೆಳಗಿನ ಕಟ್ಟಕ್ಕೆ ಲಾಭ. ನಡುವಿನ ಒಬ್ಬರು ಈ ವರ್ಷ ನಮಗೆ ಬೇಡವೆಂದು ಕಟ್ಟ ಹಾಕದೆ ಬಿಟ್ಟರೆ ಸಾಲು ಮುರಿಯುತ್ತದೆ; ಮೇಲಿನವರಿಗೂ ನಷ್ಟ, ಕೆಳಗಿನವರಿಗೂ ನಷ್ಟ. ಆದುದರಿಂದ ಕಟ್ಟದ ಕೆಲಸ ಯಾರೊಬ್ಬರ ಖಾಸಗಿ ಕೆಲಸವಾಗಿ ಉಳಿಯುವಂತಿಲ್ಲ. ಫಲಾನುಭವಿಗಳೆಲ್ಲ ಸೇರಿ, ತೋಟದ ವಿಸ್ತಾರವನ್ನು ನೋಡಿ ಖರ್ಚನ್ನು ಹಂಚಿಕೊಳ್ಳುವುದು, ಹಣವಿಲ್ಲದವರು ದುಡಿಮೆಯನ್ನು ಕೊಡುವುದು, ಇವೆಲ್ಲ ಇದರಿಂದ ಹುಟ್ಟಿದ ಏರ್ಪಾಡುಗಳು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಲೇಖನ ಹಳೆಯ ಕಾಲದ ಹೊಗಳಿಕೆಯಾದೀತು. ಸತ್ಯವನ್ನು ಪೂರ್ತಿ ಹೇಳಬೇಕು. ಹಿಂದೆ ಕಟ್ಟಗಳು ತಪ್ಪದೆ ಬೀಳುತ್ತಿದ್ದುದಕ್ಕೆ ಊರವರ ಒಕ್ಕಟ್ಟೊಂದೇ ಕಾರಣವಾಗಿರಲಿಲ್ಲ. ಧಣಿಗಳ ಅಪ್ಪಣೆಯೂ ಕಾರಣವಾಗಿತ್ತು. ಜಮೀನು ಧಣಿಯದು, ದುಡಿಮೆ ಒಕ್ಕಲಿನದು. ಕರೆ ಬಂದಾಗ ಒಕ್ಕಲು ಹಾರೆ ಬುಟ್ಟಿ ಹಿಡಿದು ಬರಲೇಬೇಕು. ಸರಕಾರದ ಕಾನೂನೂ ಇದೇ ಜಾಡಿನದು. ದಕ್ಷಿಣ ಕನ್ನಡ ಜಿಲ್ಲೆ 1956ರ ತನಕ ಮದರಾಸಿಗೆ ಸೇರಿತ್ತಷ್ಟೆ. ಮದರಾಸು ಸರಕಾರ 1858ರಲ್ಲಿ ಮಾಡಿದ ಕಾಯಿದೆಯೊಂದು ಕೆರೆಕಾಲುವೆಗಳ ರಕ್ಷಣೆಗೆ ಹಳ್ಳಿಗರಿಂದ ಕಡ್ಡಾಯವಾಗಿ ಕೆಲಸ ಮಾಡಿಸಿಕೊಳ್ಳಲು ಅಧಿಕಾರ ಕೊಟ್ಟಿತು. ತಮಿಳಿನಲ್ಲಿ ಕುಡಿಮರಾಮತ್ತು ಎಂದು ಪ್ರಸಿದ್ಧವಾದುದು ಇದೇ. ಆ ಹೆಸರಿನಲ್ಲಿ ತಮಿಳುನಾಡು ಸರಕಾರ 2017ರಲ್ಲಿ ಕೆರೆಗಳ ದುರಸ್ತಿಯ ಯೋಜನೆಯನ್ನು ಮತ್ತೆ ಆರಂಭಿಸಿದ್ದು ವಾಚಕರಿಗೆ ನೆನಪಿರಬಹುದು.

ಭೂಸುಧಾರಣೆ ಬಂದಿತು. ಕೇರಳದಲ್ಲಿ 1970ರಲ್ಲಿ, ಕರ್ನಾಟಕದಲ್ಲಿ 1974ರಲ್ಲಿ ಉಳುವವನಿಗೆ ಭೂಮಿಯೆಂಬ ನಿಯಮ ಜಾರಿಯಾಯಿತು. ಒಕ್ಕಲುಗಳು ಒಡೆಯರಾದರು. ಇದು ನ್ಯಾಯವಾಗಿಯೇ ಆದ ಕೆಲಸ. ಆದರೆ ಅಪ್ಪಣೆ ಕೊಡುವವರು ಇಲ್ಲವಾದಾಗ ಅಪ್ಪಣೆಯ ಮೇಲೆ ನಿಂತಿದ್ದ ಕೆಲಸಗಳೂ ಸಡಿಲಾದುವು. ಮೇಲಿಂದ ಮೇಲೆ ಜಮೀನು ಪಾಲಾಗಿ, ಒಬ್ಬರಿದ್ದ ಕಡೆ ಹತ್ತು ಮಂದಿ ಒಡೆಯರಾದರು. ಹತ್ತು ಮಂದಿಯನ್ನು ಒಂದೇ ದಿನ ತೋಡಿನ ಬಳಿ ಸೇರಿಸುವುದು ಯಾರ ಹೊಣೆ? ಆ ಹೊತ್ತಿಗೆ ಸರಿಯಾಗಿ ವಿದ್ಯುತ್ ಪಂಪು ಬಂತು, ಅದರ ಹಿಂದೆ ಕೊಳವೆ ಬಾವಿ ಬಂತು. ನೆರೆಯವರ ಮರ್ಜಿ ಕಾಯದೆ, ಗುಂಡಿಯೊತ್ತಿದರೆ ನೀರು! ಕಟ್ಟದ ಗೊಡವೆ ಯಾರಿಗೆ ಬೇಕು? ಒಂದೊಂದಾಗಿ ಕಟ್ಟಗಳು ನಿಂತುಹೋದುವು.

ಕೊಳವೆ ಬಾವಿ ನಮ್ಮನ್ನು ನೆರೆಯವರಿಂದ ಬಿಡಿಸಿತೆಂದು ತೋರಿದ್ದು ಕೆಲಕಾಲ ಮಾತ್ರ. ನೆಲದ ಮೇಲೆ ಬೇಲಿ ಹಾಕಬಹುದು. ನೆಲದ ಕೆಳಗೆ ಬೇಲಿಯಿಲ್ಲ. ಒಬ್ಬನು 200 ಅಡಿ ಕೊರೆದರೆ ಪಕ್ಕದವನು 300 ಅಡಿ ಕೊರೆಸಬೇಕಾಯಿತು. ಅವನನ್ನು ನೋಡಿ ಮತ್ತೊಬ್ಬನು ಇನ್ನೂ ಆಳಕ್ಕೆ ಹೋದನು. ನಡುವೆ ತೆರೆದ ಬಾವಿಯನ್ನೇ ನಂಬಿದ್ದ ಬಡವನ ಬಾವಿ ಬತ್ತಿತು. ಎಲ್ಲರೂ ಸೆಳೆಯುವವರೇ ಆಗಿ ತುಂಬಿಸುವವರು ಇಲ್ಲವಾದಾಗ ಆಗತಕ್ಕದ್ದು ಆಯಿತು. ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಧೂಳು ಬಂದ ಮನೆಗಳ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ.

ಹೀಗೆ ಪೆಟ್ಟು ತಿಂದ ಮೇಲೆ ಕೃಷಿಕರು ಮತ್ತೆ ತೋಡಿನ ಕಡೆಗೆ ತಿರುಗಿ ನೋಡಿದರು. ಈ ತಿರುಗುವಿಕೆಯಲ್ಲಿ ಕೃಷಿಕರ ಪತ್ರಿಕೆಗಳ ಪಾತ್ರ ಸಣ್ಣದಲ್ಲ. ಪುತ್ತೂರಿನಿಂದ ಪ್ರಕಟವಾಗುವ ಅಡಿಕೆ ಪತ್ರಿಕೆಯ ಶ್ರೀಪಡ್ರೆಯವರು ಸ್ವತಃ ಕೃಷಿಕರು. ಅವರು ಕಟ್ಟ, ಮಡಕ, ಸುರಂಗಗಳ ವಿಷಯವನ್ನು ಊರೂರು ಸುತ್ತಿ ಬರೆದು, ಒಂದು ಊರಿನ ಅನುಭವ ಇನ್ನೊಂದು ಊರಿಗೆ ತಲಪುವಂತೆ ಮಾಡಿದರು. ಮಡಕವೆಂದರೆ ಗುಡ್ಡೆಗಳ ನಡುವಿನ ತಗ್ಗಿಗೆ ಒಡ್ಡು ಹಾಕಿ ಮಳೆನೀರನ್ನು ಇಂಗಿಸುವ ಕೆರೆ. ಸುರಂಗವೆಂದರೆ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು ಒಸರನ್ನು ಹೊರಕ್ಕೆ ತರುವ ದಾರಿ. ಮೇಲೆ ಮಡಕ, ನಡುವೆ ಸುರಂಗ, ಕೆಳಗೆ ಕಟ್ಟ. ಹಿರಿಯರು ಗುಡ್ಡೆಯ ತಲೆಯಿಂದ ಕಾಲಿನವರೆಗೂ ನೀರಿನ ಯೋಚನೆ ಮಾಡಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ತಲೆ ಬೋಳಾದರೆ ಕಾಲಿಗೆ ನೀರಿಲ್ಲ. ಉತ್ತರ ಕನ್ನಡದ ಶಿರಸಿ ಸೀಮೆಯ ಸಾಲ್ಕಣಿಯ ಹಳ್ಳಿಗರು 1983ರ ಸೆಪ್ಟೆಂಬರಿನಲ್ಲಿ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿಯೆಂದು ಅದು ದೇಶಕ್ಕೆಲ್ಲ ತಿಳಿಯಿತು. ಅಡಿಕೆ ಬೆಳೆಯುವ ಆ ಸೀಮೆಯ ಜನರಿಗೆ ಬೆಟ್ಟದ ಮರಕ್ಕೂ ತೋಟದ ತಂಪಿಗೂ ಇರುವ ನಂಟು ಗೊತ್ತಿದ್ದಿತು.

ದೂರದ ಒಂದು ನಿದರ್ಶನವನ್ನೂ ನೋಡೋಣ. ಮಳೆ ತೀರ ಕಡಮೆಯಿರುವ ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ 1985ರಿಂದ ಈಚೆಗೆ ತರುಣ ಭಾರತ ಸಂಘದ ಪ್ರೇರಣೆಯಿಂದ ಹಳ್ಳಿಗರು ಜೋಹಡ್ ಎಂಬ ಮಣ್ಣಿನ ಒಡ್ಡುಗಳನ್ನು ಕಟ್ಟಿದರು. ಬತ್ತಿದ್ದ ಅರವರಿ ನದಿ ಮತ್ತೆ ಹರಿಯತೊಡಗಿತು. ನೀರು ಬಂದ ಕೂಡಲೆ ಜಗಳವೂ ಬರುವುದೆಂದು ಅರಿತಿದ್ದ ಆ ಜನ ನದಿಯ ದಂಡೆಯ ಹಳ್ಳಿಗಳೆಲ್ಲ ಸೇರಿದ ಒಂದು ಸಂಸತ್ತನ್ನೇ ಏರ್ಪಡಿಸಿ, ಯಾವ ಬೆಳೆ ಬೆಳೆಯಬಹುದು, ಎಷ್ಟು ನೀರು ಎತ್ತಬಹುದು ಎಂದು ತಾವೇ ನಿಯಮ ಮಾಡಿಕೊಂಡರು. ಒಡ್ಡು ಕಟ್ಟುವುದು ಅರ್ಧ ಕೆಲಸ. ಬಳಸುವ ಕಟ್ಟಳೆ ಉಳಿದರ್ಧ. ಕಾಸರಗೋಡಿನ ಕೃಷಿಕರಿಗೂ ಈ ಮಾತು ಸಲ್ಲುತ್ತದೆ. ಕಟ್ಟ ತುಂಬಿತೆಂದು ಹಗಲಿರುಳೂ ಪಂಪು ಓಡಿಸಿದರೆ ಯಾವ ಕಟ್ಟವೂ ಸಾಲದು.

ಪ್ರತಿವರ್ಷದ ಶ್ರಮ ತಪ್ಪಲೆಂದು ಸರಕಾರಗಳು ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸುತ್ತಿವೆ. ಕರ್ನಾಟಕದ ಕರಾವಳಿಯಲ್ಲಿ ಪಶ್ಚಿಮವಾಹಿನಿ ಯೋಜನೆಯ ಉದ್ದೇಶ ಇದೇ. ಕಂಬಗಳ ನಡುವಿನ ಕಿಂಡಿಗಳಿಗೆ ಮಳೆಗಾಲ ಕಳೆದ ಮೇಲೆ ಹಲಗೆ ಇಳಿಸಿ, ಮಳೆಗಾಲಕ್ಕೆ ಮೊದಲು ತೆಗೆದರೆ ಸಾಕು. ಇದು ಒಳ್ಳೆಯ ಏರ್ಪಾಡೇ ಸರಿ. ಆದರೆ ಹಲಗೆ ಇಳಿಸುವುದಕ್ಕೂ ನಾಲ್ಕು ಕೈಗಳು ಬೇಕು, ಇಳಿಸುವ ದಿನವನ್ನು ಗೊತ್ತುಮಾಡುವುದಕ್ಕೂ ನಾಲ್ಕು ತಲೆಗಳು ಕೂಡಬೇಕು. ಅಷ್ಟೂ ಇಲ್ಲದ ಕಡೆ ಲಕ್ಷಗಟ್ಟಲೆ ಹಣದ ಕಟ್ಟಡ ಬೇಸಗೆಯಲ್ಲಿ ಬಾಯಿ ತೆರೆದು ನಿಂತಿರುತ್ತದೆ. ಸಿಮೆಂಟು ಕಲ್ಲನ್ನು ಹಿಡಿದು ನಿಲ್ಲಿಸೀತು. ಮನುಷ್ಯರನ್ನು ಹಿಡಿದು ನಿಲ್ಲಿಸಲಾರದು.

ಹಿಂದೆ ಅಪ್ಪಣೆಯಿಂದ ಆಗುತ್ತಿದ್ದ ಕೆಲಸ ಇಂದು ಒಪ್ಪಿಗೆಯಿಂದ ಆಗಬೇಕಾಗಿದೆ. ಇದು ಹೆಚ್ಚು ಕಷ್ಟದ ದಾರಿ, ಹೆಚ್ಚು ಗೌರವದ ದಾರಿಯೂ ಹೌದು. ಕಟ್ಟದ ಮಣ್ಣನ್ನು ತುಳಿಯುವ ದಿನ ಸಣ್ಣ ಹಿಡುವಳಿದಾರನೂ ದೊಡ್ಡ ತೋಟದ ಯಜಮಾನನೂ ಒಂದೇ ಕೆಸರಿನಲ್ಲಿ ನಿಲ್ಲುತ್ತಾರೆ. ಯಾರೂ ಕರೆಯದೆ ಬಂದು ನಿಂತವರ ಕಟ್ಟ ಅದು. ಆದುದರಿಂದಲೇ ಅಲ್ಲಿ ಗೈರುಹಾಜರಿ ಎದ್ದು ಕಾಣುತ್ತದೆ.

ಆ ಗೈರುಹಾಜರಾದವರು ಯಾರು? ಬಹುಮಟ್ಟಿಗೆ ನಾವೇ. ಓದಿಗಾಗಿ, ಹೋಟೆಲಿನ ಕೆಲಸಕ್ಕಾಗಿ, ನೌಕರಿಗಾಗಿ ಊರು ಬಿಟ್ಟು ಬಂದವರು ನಾವು. ಊರಿನಲ್ಲಿ ಅರ್ಧ ಎಕರೆಯೋ ಒಂದು ಎಕರೆಯೋ ನಮ್ಮ ಹೆಸರಿನಲ್ಲಿದೆ. ಅದನ್ನು ನೋಡಿಕೊಳ್ಳುವ ಅಣ್ಣನೋ ಚಿಕ್ಕಪ್ಪನೋ ಡಿಸೆಂಬರಿನಲ್ಲಿ ಫೋನು ಮಾಡಿ, "ಈ ಸಲ ಕಟ್ಟ ಹಾಕುತ್ತಾರಂತೆ, ನಿನ್ನ ಪಾಲು ಇಷ್ಟು ಬರುತ್ತದೆ" ಎಂದು ಹೇಳಿದಾಗ, "ನಮ್ಮ ತೋಟಕ್ಕೆ ಕೊಳವೆ ಬಾವಿ ಇದೆಯಲ್ಲ" ಎಂಬ ಮಾತು ನಮ್ಮ ಬಾಯಿಗೆ ಬರುವುದುಂಟು. ಆ ಕೊಳವೆ ಬಾವಿಗೆ ನೀರು ಎಲ್ಲಿಂದ ಬರುತ್ತದೆಂಬುದನ್ನು ಈ ಲೇಖನ ಓದಿದವರು ನೆನೆದರೆ ಸಾಕು. ಪಾಲಿನ ಹಣ ಸಣ್ಣದು. ಅದನ್ನು ಕೊಡದಿದ್ದರೆ ಮುರಿಯುವ ಸಾಲು ದೊಡ್ಡದು. ಸಾಧ್ಯವಾದವರು ಸಂಕ್ರಾಂತಿಯ ರಜೆಯಲ್ಲಿ ಮಕ್ಕಳೊಡನೆ ಹೋಗಿ ಒಂದು ದಿನ ಮಣ್ಣು ಹೊತ್ತು ಬಂದರೆ ಇನ್ನೂ ಮೇಲು.

ಊರಿನಲ್ಲಿ ಜಮೀನಿಲ್ಲದವರಿಗೂ ಕೆಲಸವಿದೆ. ನಾವು ವಾಸಿಸುವ ಈ ನುಂಗಂಬಾಕ್ಕಂನಲ್ಲಿಯೂ ಒಂದು ಕಾಲಕ್ಕೆ ಕೆರೆಯಿತ್ತು. 1976ರಲ್ಲಿ ಕಟ್ಟಿ ಮುಗಿಸಿದ ವಳ್ಳುವರ್ ಕೋಟ್ಟಂ ನಿಂತಿರುವುದು ಆ ಕೆರೆಯ ಅಂಗಳದಲ್ಲಿ. ಆ ಕೆರೆಯನ್ನು ನಾವು ಮರಳಿ ತರಲಾರೆವು. ಆದರೆ ತಮಿಳುನಾಡಿನಲ್ಲಿ 2003ರಿಂದ ಪ್ರತಿ ಕಟ್ಟಡಕ್ಕೂ ಮಳೆನೀರು ಇಂಗಿಸುವ ಏರ್ಪಾಡು ಕಡ್ಡಾಯವಾಗಿದೆ. ನಮ್ಮ ನಮ್ಮ ವಸತಿಗೃಹಗಳಲ್ಲಿ ಆ ಇಂಗುಗುಂಡಿ ಎಲ್ಲಿದೆಯೆಂದು ಎಷ್ಟು ಮಂದಿಗೆ ಗೊತ್ತು? ಅದರಲ್ಲಿ ಹೂಳು ತುಂಬಿದೆಯೋ, ಕಸ ತುಂಬಿದೆಯೋ, ಅದರ ಮೇಲೆ ಯಾರಾದರೂ ಗಾಡಿ ನಿಲ್ಲಿಸಿದ್ದಾರೆಯೋ? ಇಲ್ಲಿನ ಮಳೆ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಸೆಪ್ಟೆಂಬರಿನ ಒಂದು ಭಾನುವಾರ ಒಂದು ಕಟ್ಟಡದ ಎಂಟು ಹತ್ತು ಮನೆಯವರು ಒಟ್ಟುಗೂಡಿ ಆ ಗುಂಡಿಯನ್ನು ತೆಗೆದು, ಜಲ್ಲಿಯನ್ನು ತೊಳೆದು ಮತ್ತೆ ತುಂಬಿ, ತಾರಸಿಯ ಕೊಳವೆಗಳನ್ನು ಚೊಕ್ಕಟ ಮಾಡಿದರೆ, ಅದೂ ಒಂದು ಕಟ್ಟವೇ. ಆ ದಿನ ಮೂರನೆಯ ಅಂತಸ್ತಿನವರ ಹೆಸರು ನೆಲದ ಅಂತಸ್ತಿನವರಿಗೆ ತಿಳಿದೀತು. ನೀರಿನ ಜೊತೆಗೆ ಅದೂ ಉಳಿತಾಯದ ಬಾಬಿಗೆ ಸೇರತಕ್ಕದ್ದೇ.